ಮಡಿಕೇರಿಯ ಹಳೇ ಮನೆಗೆ ಲ್ಯಾಮಿನೇಟ್ ನೆಲ: ಹಾಕಬಹುದಾ, ಬೇಡವಾ?

ಮಂಜಿನೂರು · ಜುಲೈ 21

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿಯಲ್ಲಿ ಹಳೇ ಹಂಚಿನ ಮನೆ. ಪೂರ್ತಿ ರೆಡ್ ಆಕ್ಸೈಡ್ ನೆಲ. ನೋಡೋಕೆ ಚೆಂದವೇ. ಆದರೆ ಈ ಕಕ್ಕಡ ತಿಂಗಳ ಮಳೆಯಲ್ಲಿ ಕಾಲಿಟ್ಟರೆ ತಣ್ಣಗೆ ಕೊರೆದು ಜೀವ ಹೋಗುತ್ತದೆ. ಅಪ್ಪನಿಗೆ ಮಾರ್ಚ್‌ನಲ್ಲಿ ಮಂಡಿ ಆಪರೇಷನ್ ಆಗಿದೆ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ನೆಲ ಕಚ್ಚುತ್ತದೆ ಅಂತಾರೆ. ಚಪ್ಪಲಿ ಹಾಕಿಕೊಳ್ಳಿ ಅಂದರೆ ಮನೆಯೊಳಗೆ ಚಪ್ಪಲಿಯಾ ಅಂತ ಬೈಗುಳ ಬೇರೆ.

ಅವರ ಕೋಣೆ 13 ಅಡಿಗೆ 14 ಅಡಿ. ನೆಲಮಹಡಿ. ಕೋಣೆಯ ಹಿಂದೆ ನಾಲ್ಕಡಿ ಜಾಗ ಬಿಟ್ಟು ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ. ಮೈಸೂರಿನ ಅಂಗಡಿಯಲ್ಲಿ 8 ಮಿ.ಮೀ ಲ್ಯಾಮಿನೇಟ್ ಚದರಡಿಗೆ 95 ರೂಪಾಯಿ ಹೇಳಿದ್ದಾರೆ. ಹಾಕುವ ಕೆಲಸ ನಾನೇ ಮಾಡೋಣ ಅಂತ. ಡ್ರಿಲ್ ಇದೆ, ಜಿಗ್ ಸಾ ಇದೆ, ಭಾನುವಾರ ಇದೆ. ರೆಡ್ ಆಕ್ಸೈಡ್ ಒಡೆಯದೆ ಅದರ ಮೇಲೇ ಹಾಕಬಹುದಾ? ನಮ್ಮ ಮಳೆಗೆ ತಾಳುತ್ತದಾ?

ಊರುಬಿಟ್ಟವ · ಜುಲೈ 21

ಧೈರ್ಯವಾಗಿ ಹಾಕಿ. ಬೆಂಗಳೂರಲ್ಲಿ ನಮ್ಮ ಫ್ಲಾಟಿನ ಎರಡು ಕೋಣೆಗೆ ಹಾಕಿಸಿ ಆರು ವರ್ಷ ಆಯ್ತು. ಬೆಳಗ್ಗೆ ಇಬ್ಬರು ಬಂದರು, ಸಂಜೆ ಮುಗಿಸಿ ಹೋದರು. ಹಳೇ ಟೈಲ್ಸ್ ಮೇಲೇ ಫೋಮ್ ಹಾಸಿ ಟಕ್ ಟಕ್ ಅಂತ ಸೇರಿಸುತ್ತಾ ಹೋಗೋದು ಅಷ್ಟೇ. ಅಂಟೂ ಇಲ್ಲ, ಮೊಳೆಯೂ ಇಲ್ಲ. ನೀವೇ ಮಾಡಬಹುದು.

ಉಳಿಸುತ್ತಿಗೆ · ಜುಲೈ 21

ಬೆಂಗಳೂರಿನ ಐದನೇ ಮಹಡಿ ಬೇರೆ, ಮಡಿಕೇರಿಯಲ್ಲಿ ಬರೆ ಪಕ್ಕದ ಕೋಣೆ ಬೇರೆ ಸಾರ್.

ನಾನು ಗೋಣಿಕೊಪ್ಪ ಕಡೆ ಮರದ ಕೆಲಸ ಮಾಡುವವನು. ಲ್ಯಾಮಿನೇಟ್ ನೆಲವನ್ನೂ ಹಾಕುತ್ತೇನೆ, ಕೆಟ್ಟದ್ದನ್ನು ಕೀಳುತ್ತೇನೆ. ಕೀಳುವ ಕೆಲಸವೇ ಈಚೆಗೆ ಜಾಸ್ತಿ. ಮೊದಲು ಅದು ಏನು ಅಂತ ತಿಳ್ಕೊಳ್ಳಿ. ಮೇಲೆ ಕಾಣುವ ತೇಗ, ಓಕ್ ಎಲ್ಲ ಕಾಗದದ ಮೇಲಿನ ಚಿತ್ರ. ಆ ಕಾಗದದ ಮೇಲೆ ಗಟ್ಟಿಯಾದ ಪಾರದರ್ಶಕ ಪದರ. ಅದು ಗೀರಿಗೆ, ಸವೆತಕ್ಕೆ ತಡೆಯುತ್ತದೆ. ಒಳಗಿನ ಹೊಟ್ಟೆ ಎಚ್‌ಡಿಎಫ್. ಅಂದರೆ ಮರದ ನಾರನ್ನು ಅಂಟು ಸೇರಿಸಿ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ನೀರು ಮೇಲೆ ಚೆಲ್ಲಿ ತಕ್ಷಣ ಒರೆಸಿದರೆ ಏನೂ ಆಗಲ್ಲ. ಆದರೆ ಜಾಯಿಂಟಿನಿಂದ ಅಥವಾ ಅಡಿಯಿಂದ ಆ ನಾರಿಗೆ ತೇವ ತಾಗಿದರೆ ಅಂಚು ಉಬ್ಬುತ್ತದೆ. ಒಮ್ಮೆ ಹಾಗೆ ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತೆ ಆಗಲ್ಲ. ಮರದ ಹಲಗೆಯಾದರೆ ಕೀಸಿ ಪಾಲಿಶ್ ಮಾಡಬಹುದು. ಇದನ್ನು ಕೀಸಿದರೆ ಚಿತ್ರವೇ ಹೋಯ್ತು.

ರೆಡ್ ಆಕ್ಸೈಡ್ ಒಡೆಯೋದು ಬೇಡ, ಅದರ ಮೇಲೆ ಹಾಕಬಹುದು. ಆದರೆ ಈ ಭಾನುವಾರ ಬೇಡ. ಜುಲೈಯಲ್ಲಿ ಹಾಕೋಕೆ ಹೋಗಬೇಡಿ.

ಕಿತ್ತಳೆತೋಟ · ಜುಲೈ 22

ಅಣ್ಣ ಹೇಳಿದ್ದು ಸರಿ. ನನ್ನ ಕತೆ ಕೇಳಿ. ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮಹಡಿಯಲ್ಲಿ ಒಂದು ಕೋಣೆ, ಕೆಳಗೆ ಒಂದು ಕೋಣೆ. ಎರಡಕ್ಕೂ ಒಂದೇ ದಿನ, ಒಂದೇ ಕಂಪನಿಯ ಮಾಲು, ಒಂದೇ ಕೆಲಸದವರು. ಮಹಡಿಯದ್ದು ನಾಲ್ಕು ಮಳೆಗಾಲ ಕಳೆದು ಇವತ್ತಿಗೂ ಹೊಸದರ ಹಾಗಿದೆ. ಕೆಳಗಿನದ್ದು ಮೊದಲ ಮಳೆಗಾಲದಲ್ಲೇ ಜಾಯಿಂಟ್ ಜಾಯಿಂಟಿನಲ್ಲಿ ಹಪ್ಪಳದ ಹಾಗೆ ಎದ್ದಿತು. ಕಿತ್ತು ನೋಡಿದರೆ ಫೋಮಿನ ಅಡಿ ಕಪ್ಪು ಬೂಷ್ಟು. ಕೋಣೆಗೆ ಹಳೇ ಗೋಣಿಚೀಲದ ವಾಸನೆ.

ನಮ್ಮದೂ ತಪ್ಪಿದೆ. ಗೆಸ್ಟ್‌ಗಳು ಮಳೆಯಲ್ಲಿ ನೆನೆದ ಜರ್ಕಿನ್, ಕೊಡೆ ಎಲ್ಲ ತಂದು ನೆಲಕ್ಕೆ ಹಾಕುತ್ತಿದ್ದರು. ಕೆಲಸದವಳು ಪಾಪ, ನೆಲ ಅಂದರೆ ಬಕೆಟ್ ನೀರು ಸುರಿದು ತೊಳೆಯೋದು ಅಂತಲೇ ಅವಳ ಲೆಕ್ಕ. ಆದರೆ ಮಹಡಿ ಕೋಣೆಗೂ ಅದೇ ಗೆಸ್ಟ್‌ಗಳು, ಅದೇ ಬಕೆಟ್ಟು. ಅದಕ್ಕೇ ಹೇಳೋದು, ಹೆಚ್ಚಿನ ತೇವ ಬಂದದ್ದು ಅಡಿಯಿಂದ.

ಹಳೇಮನೆ · ಜುಲೈ 22

ಕೇಳಿ ಕೇಳಿ ಬೇಸರವಾಗುತ್ತದೆ. ಕೈಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಕೆಂಪು ನೆಲ. ಈಗ ಅಂಥ ಕೆಲಸ ಮಾಡುವ ಗಾರೆಯವರು ಸಿಗೋದು ಕಷ್ಟ. ನಿಮಗೆ ಅದರ ಮೇಲೆ ಮರದ ಫೋಟೋ ಹಾಸಬೇಕಾ? ತೇಗ, ಬೀಟೆ, ಹಲಸು ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಮರದ ಫೋಟೋ! ಒಂದು ಚಾಪೆ ಹಾಸಿ, ಅಪ್ಪನಿಗೆ ಉಣ್ಣೆ ಸಾಕ್ಸ್ ಕೊಡಿ. ಮುಗೀತು.

ಮಂಜಿನೂರು · ಜುಲೈ 22

ಚಾಪೆ ಹಾಸಿದ್ದೆವು ಸಾರ್. ಜೂನ್ ಮೂರನೇ ವಾರಕ್ಕೆ ಅಡಿಯಲ್ಲಿ ಬೂಷ್ಟು. ಸಾಕ್ಸ್ ಹಾಕಿಕೊಂಡು ಕೆಂಪು ನೆಲದ ಮೇಲೆ ಅಪ್ಪ ಒಮ್ಮೆ ಜಾರಿದರು, ಮಂಚ ಸಿಕ್ಕಿತು, ಉಳಿದರು. ಅದಾದ ಮೇಲೇ ಈ ಯೋಚನೆ. ಬೇರೆ ಕೋಣೆಗಳ ನೆಲ ಮುಟ್ಟುವುದಿಲ್ಲ, ಅಮ್ಮ ಬಿಡುವುದೂ ಇಲ್ಲ.

ಇನ್ನೊಂದು ವಿಷಯ ಹೇಳಲು ಮರೆತೆ. ಕೋಣೆಯ ನೆಲ ಒಂದು ಮೂಲೆಗೆ ಇಳಿಜಾರು. ಆ ಮೂಲೆಯಲ್ಲಿ ನೀರು ಹೋಗುವ ತೂಬು ಇದೆ, ಹಿಂದೆ ನೆಲ ತೊಳೆಯುತ್ತಿದ್ದ ಕಾಲದ್ದು. ರಸಮಟ್ಟ ಇಟ್ಟು ನೋಡಿದೆ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದಿಂಚು ಹತ್ತಿರ ಇಳಿಜಾರು ಇದೆ. ಮೊದಲು ಅದನ್ನು ಮಟ್ಟ ಮಾಡಿಸಬೇಕಾ?

ಕಾವೇರಿದಡ · ಜುಲೈ 23

ನಾನು ಕುಶಾಲನಗರದಲ್ಲಿ ಸಿವಿಲ್ ಕೆಲಸ ನೋಡಿಕೊಳ್ಳುವವನು. ಇಳಿಜಾರಿನ ವಿಷಯ ಮೊದಲು ಮುಗಿಸಿಬಿಡೋಣ. ಲ್ಯಾಮಿನೇಟಿಗೆ ನೆಲ ಮಟ್ಟವಾಗಿರಲೇಬೇಕು ಅಂತಿಲ್ಲ, ಸಪಾಟಾಗಿರಬೇಕು. ಒಂದೇ ಹದದ ಇಳಿಜಾರು ಪರವಾಗಿಲ್ಲ. ಗುಂಡಿ, ದಿಬ್ಬ ಇರಬಾರದು. ಎರಡು ಮೀಟರ್ ಉದ್ದದ ಅಲ್ಯುಮಿನಿಯಂ ಬಾಕ್ಸ್ ಪೈಪ್ ನೆಲದ ಮೇಲೆ ಇಟ್ಟು ನೋಡಿ. ಅಡಿಯಲ್ಲಿ 3 ಮಿ.ಮೀಗಿಂತ ಹೆಚ್ಚು ಸಂದು ಎಲ್ಲೂ ಬರಬಾರದು. ಅಳೆಯೋಕೆ ಏನೂ ಇಲ್ಲದಿದ್ದರೆ ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟು ತೂರಿಸಿ. ಹತ್ತಿರ ಹತ್ತಿರ ಅಷ್ಟೇ ದಪ್ಪ. ಸಲೀಸಾಗಿ ಹೋದರೆ ಅಲ್ಲಿ ಗುಂಡಿ ತುಂಬಬೇಕು. ತುಂಬದೆ ಹಾಕಿದರೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ ಕ್ಲಿಕ್ ಲಾಕ್, ಅಂದರೆ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು, ಸವೆದು ಮುರಿಯುತ್ತದೆ. ತೂಬನ್ನು ಮಾತ್ರ ಸಿಮೆಂಟ್ ಹಾಕಿ ಮುಚ್ಚಿ. ಇಲ್ಲದಿದ್ದರೆ ಹಲಗೆಯಡಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಇನ್ನೊಂದು ಬರುತ್ತದೆ.

ಈಗ ತೇವ. ನಮ್ಮ ಕಡೆ ನೆಲ ಒದ್ದೆಯಾಗೋದಕ್ಕೆ ಎರಡು ಕಾರಣ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು, ಗಾಳಿಯಲ್ಲಿರುವ ತೇವ ತಣ್ಣಗಿನ ನೆಲ ತಾಗಿ ಬೆವರೋದು. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುತ್ತದಲ್ಲ, ಹಾಗೆ. ಇನ್ನೊಂದು, ಮಣ್ಣಿನಿಂದ ಮೇಲಕ್ಕೆ ಏರೋದು. ಮೊದಲನೆಯದಕ್ಕೆ ಲ್ಯಾಮಿನೇಟು ಒಂದು ರೀತಿ ಒಳ್ಳೆಯದೇ, ಯಾಕೆಂದರೆ ಅದು ಕೆಂಪು ನೆಲದಷ್ಟು ತಣ್ಣಗಾಗಲ್ಲ. ಎರಡನೆಯದು ಇದ್ದರೆ ಹಾಕಲೇಬೇಡಿ.

ಯಾವುದು ಅಂತ ಗೊತ್ತಾಗೋಕೆ ಸುಲಭದ ಪರೀಕ್ಷೆ ಇದೆ. ದಪ್ಪ ಪ್ಲಾಸ್ಟಿಕ್ ಶೀಟನ್ನು ಒಂದೂವರೆ ಅಡಿ ಚೌಕವಾಗಿ ಕತ್ತರಿಸಿ. ನೆಲ ಒರೆಸಿ, ಚೆನ್ನಾಗಿ ಒಣಗಿಸಿ, ನಾಲ್ಕೂ ಕಡೆ ಅಗಲ ಟೇಪ್ ಹಾಕಿ ಗಾಳಿ ಹೋಗದ ಹಾಗೆ ಅಂಟಿಸಿ. ಕೋಣೆಯ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಒಂದು ದಿನ ಬಿಟ್ಟು ನೋಡಿ. ಪ್ಲಾಸ್ಟಿಕ್ಕಿನ ಮೇಲೆ ಹನಿ ಇದ್ದರೆ ಅದು ಗಾಳಿಯದು. ಅಡಿಯಲ್ಲಿ ಹನಿ ಇದ್ದರೆ, ಅಥವಾ ಆ ಚೌಕದಷ್ಟು ನೆಲ ಗಾಢ ಬಣ್ಣಕ್ಕೆ ತಿರುಗಿದ್ದರೆ, ಅದು ಮಣ್ಣಿನದು. ಇದನ್ನು ಮಾರ್ಚ್‌ನಲ್ಲಿ ಮಾಡಿದರೆ ಎಲ್ಲರ ಮನೆಯೂ ಪಾಸ್. ಈಗ, ಈ ಮಳೆಯಲ್ಲೇ ಮಾಡಬೇಕು.

ಮಂಜಿನೂರು · ಜುಲೈ 25

ಮಾಡಿದೆ. ಐದರಲ್ಲಿ ಮೂರು ಅಡಿಯಲ್ಲಿ ಒಣಗಿವೆ, ಮೇಲೆ ಮಾತ್ರ ಸ್ವಲ್ಪ ಪಸೆ. ಬರೆ ಕಡೆಯ ಎರಡು ಮೂಲೆಯಲ್ಲಿ ಶೀಟಿನ ಅಡಿಯೇ ಮುತ್ತು ಮುತ್ತಾಗಿ ಹನಿ. ತೂಬಿನ ಮೂಲೆಯಲ್ಲಂತೂ ನೆಲ ಕಪ್ಪಗಾಗಿದೆ. ಅಪ್ಪ ಮಂಚದ ಮೇಲೆ ಕೂತು ಎಲ್ಲ ನೋಡುತ್ತಾ, ಈ ಪರೀಕ್ಷೆಯಲ್ಲಿ ನಮ್ಮ ಮನೆ ಫೇಲಾ ಅಂತ ಕೇಳಿದರು.

ಕಾವೇರಿದಡ · ಜುಲೈ 25

ಫೇಲ್ ಅಲ್ಲ, ಸಪ್ಲಿಮೆಂಟರಿ. ಗೋಡೆಗೂ ಬರೆಗೂ ನಡುವೆ ನಾಲ್ಕಡಿ ಜಾಗ ಅಂದಿರಲ್ಲ, ಅಲ್ಲಿ ಚರಂಡಿ ಇದೆಯಾ? ಇದ್ದರೆ ಅದರ ತಳ ನಿಮ್ಮ ಕೋಣೆಯ ನೆಲಕ್ಕಿಂತ ಎಷ್ಟು ಕೆಳಗಿದೆ?

ಮಂಜಿನೂರು · ಜುಲೈ 26

ರೇನ್‌ಕೋಟ್ ಹಾಕಿಕೊಂಡು ಹೋಗಿ ನೋಡಿದೆ. ಜಿಗಣೆ ಎರಡು ಫ್ರೀ. ಚರಂಡಿ ಇದೆ, ಆದರೆ ಹೆಸರಿಗೆ. 2018ರ ಆಗಸ್ಟ್ ಮಳೆಯಲ್ಲಿ ಬರೆ ಸ್ವಲ್ಪ ಜಾರಿತ್ತು. ಆ ಮಣ್ಣನ್ನು ದಾರಿಗೆ ಬೇಕಾದಷ್ಟು ಸರಿಸಿದ್ದೆವು, ಚರಂಡಿಯೊಳಗಿನದ್ದನ್ನು ಹಾಗೇ ಬಿಟ್ಟಿದ್ದೆವು. ಈಗ ಅದರ ಮೇಲೆ ಜರಿಗಿಡ ಬೆಳೆದಿದೆ. ನೀರು ನಿಂತಿರುವ ಮಟ್ಟ ಹೆಚ್ಚೂಕಡಿಮೆ ಕೋಣೆಯ ನೆಲದ ಮಟ್ಟವೇ.

ಕಾವೇರಿದಡ · ಜುಲೈ 26

ಸಿಕ್ಕಿತಲ್ಲ. ಮೂಲೆಯ ತೇವಕ್ಕೆ ಒಂದು ಪೈಸೆಯ ಕೆಮಿಕಲ್ ಬಳಿಯುವ ಮೊದಲು ಆ ಚರಂಡಿ ಬಿಡಿಸಿ. ತಳ ಕೋಣೆಯ ನೆಲಕ್ಕಿಂತ ಒಂದಡಿಯಾದರೂ ಕೆಳಗಿರಲಿ, ನೀರು ನಿಲ್ಲದೆ ಹರಿಯುವ ಹಾಗೆ ಇಳಿಜಾರು ಕೊಡಿ. ಆದರೆ ಜೋರು ಮಳೆಯ ದಿನ ಬರೆಯ ಬುಡ ಕೆದಕಬೇಡಿ. ಮಳೆ ಬಿಟ್ಟ ಎರಡು ದಿನ ನೋಡಿ, ಸ್ವಲ್ಪ ಸ್ವಲ್ಪವೇ ತೆಗೆಸಿ, ಮೇಲೆ ಬಿರುಕು ಇದೆಯಾ ನೋಡಿಕೊಂಡು. ಹೊಸ ನೆಲಕ್ಕಿಂತ ಅದು ಮುಖ್ಯ.

ಪ್ಲಾಸ್ಟಿಕ್ ಶೀಟ್ ಹಾಸಿದರೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಅದು ಆವಿಯನ್ನು ತಡೆಯೋಕೆ. ಒರತೆಯನ್ನು ತಡೆಯೋಕೆ ಅಲ್ಲ.

ಏಲಕ್ಕಿ · ಜುಲೈ 27

ಇಷ್ಟೆಲ್ಲ ಯಾಕೆ? ಎಸ್‌ಪಿಸಿ ಹಾಕಿ, ಕಲ್ಲುಪುಡಿ-ಪ್ಲಾಸ್ಟಿಕ್ಕಿನ ಹಲಗೆ. ನೀರಲ್ಲಿ ಮುಳುಗಿಸಿಟ್ಟರೂ ಏನೂ ಆಗಲ್ಲ. ಸೋಮವಾರಪೇಟೆಯಲ್ಲಿ ನಮ್ಮ ಚಿಕ್ಕಪ್ಪನ ಮನೆಗೆ ಅದನ್ನೇ ಹಾಕಿದ್ದು.

ಕಿತ್ತಳೆತೋಟ · ಜುಲೈ 27

ನಾನೂ ಕೊನೆಗೆ ಕೆಳಗಿನ ಕೋಣೆಗೆ ಅದನ್ನೇ ಹಾಕಿಸಿದ್ದು. ಸುಣ್ಣಕಲ್ಲಿನ ಪುಡಿ, ಪಿವಿಸಿ ಸೇರಿಸಿ ಮಾಡಿದ್ದು, ನಾರೇ ಇಲ್ಲ. ಹಾಗಾಗಿ ಉಬ್ಬಲ್ಲ. ಹೋಂಸ್ಟೇಗೆ ಅದೇ ಸರಿ, ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಕಾಲಿಗೆ ಲ್ಯಾಮಿನೇಟಿನಷ್ಟು ಬೆಚ್ಚಗಿಲ್ಲ. ಮಹಡಿಯಿಂದ ಇಳಿದು ಕೆಳಗೆ ಕಾಲಿಟ್ಟರೆ ನನಗೆ ಗೊತ್ತಾಗುತ್ತದೆ.

ಕಾವೇರಿದಡ · ಜುಲೈ 27

ಎಸ್‌ಪಿಸಿ ನೀರಿಗೆ ಕೆಡಲ್ಲ, ನಿಜ. ಆದರೆ ಅದನ್ನು ಹಾಕಿದ ಮಾತ್ರಕ್ಕೆ ಮನೆ ಒಣಗಲ್ಲ. ಅಡಿಯಲ್ಲಿ ಸಿಕ್ಕಿಬಿದ್ದ ತೇವ ಗೋಡೆ ಹತ್ತುತ್ತದೆ, ಬೂಷ್ಟು ಕಾಣದ ಜಾಗದಲ್ಲಿ ಬೆಳೆಯುತ್ತದೆ. ವಯಸ್ಸಾದವರು ಮಲಗುವ ಕೋಣೆ. ಯಾವುದನ್ನೇ ಹಾಕಿದರೂ ಚರಂಡಿ ಮೊದಲು.

ಮಂಜಿನೂರು · ಆಗಸ್ಟ್ 29

ಒಂದು ತಿಂಗಳಾದ ಮೇಲೆ ಬಂದೆ. ಚರಂಡಿ ಬಿಡಿಸಿದೆವು. ಇಬ್ಬರು ಆಳು, ಮಧ್ಯೆ ಮಧ್ಯೆ ಮಳೆ, ಒಟ್ಟು ನಾಲ್ಕು ದಿನ. ತಳಕ್ಕೆ ಕಾಂಕ್ರೀಟ್ ಹಾಕಿಸಿದೆ. ತೂಬು ಮುಚ್ಚಿಸಿದೆ. ಎರಡು ವಾರ ಬಿಟ್ಟು, ಮೂರು ದಿನ ಬಿಡದೆ ಮಳೆ ಹೊಡೆದಾಗ ಮತ್ತೆ ಪ್ಲಾಸ್ಟಿಕ್ ಅಂಟಿಸಿದೆ. ಒಂದು ಮೂಲೆ ಪೂರ್ತಿ ಒಣಗಿದೆ. ತೂಬಿನ ಮೂಲೆಯಲ್ಲಿ ಹನಿ ಇಲ್ಲ, ನೆಲದ ಬಣ್ಣ ಸ್ವಲ್ಪ ಗಾಢ ಇದೆ ಅಷ್ಟೇ.

ಉಳಿಸುತ್ತಿಗೆ · ಆಗಸ್ಟ್ 29

ಒಳ್ಳೇದಾಯ್ತು. ಈಗ ಸುಮ್ನಿರಿ. ಕೈಲ್‌ಪೊಳ್ದ್ ಹಬ್ಬ ಕಳೀಲಿ, ಪುತ್ತರಿ ಹಬ್ಬ ಕಳೀಲಿ. ನೆಲ ಒಣಗೋಕೆ ಬಿಡಿ. ಜನವರಿ ಕೊನೆ, ಫೆಬ್ರವರಿಯಲ್ಲಿ ಹಾಕಿ.

ಊರುಬಿಟ್ಟವ · ಆಗಸ್ಟ್ 30

ಒಣ ಕಾಲದಲ್ಲಿ ಹಾಕಿದರೆ ಮಳೆಗಾಲದಲ್ಲಿ ಹಿಗ್ಗಲ್ವಾ? ಮಳೆಯಲ್ಲೇ, ಹಿಗ್ಗಿರುವಾಗಲೇ ಹಾಕಿದರೆ ಆಮೇಲೆ ಹಿಗ್ಗೋಕೆ ಏನೂ ಉಳಿಯಲ್ಲ ಅಲ್ವಾ?

ಉಳಿಸುತ್ತಿಗೆ · ಆಗಸ್ಟ್ 30

ಪ್ರಶ್ನೆ ಚೆನ್ನಾಗಿದೆ. ಮಳೆಯಲ್ಲಿ ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ ಜಾಯಿಂಟ್ ಬಿಡುತ್ತದೆ. ಆ ಸಂದಿಗೆ ಕಸ ಕೂರುತ್ತದೆ, ಮುಂದಿನ ಮಳೆಗೆ ಸೇರೋಕೆ ಜಾಗ ಇಲ್ಲ. ಅದಲ್ಲದೆ ಒದ್ದೆ ನೆಲದ ಮೇಲೆ ಶೀಟ್ ಹಾಸಿದರೆ ತೇವವನ್ನು ನೀವೇ ಒಳಗೆ ಕಟ್ಟಿಟ್ಟ ಹಾಗೆ. ಒಣ ಕಾಲದಲ್ಲಿ ಹಾಕಿ ಸುತ್ತ ಜಾಗ ಬಿಟ್ಟರೆ ಹಿಗ್ಗುವುದು ಹಿಗ್ಗಲಿ, ಎಲ್ಲಿಗಾದರೂ ಹೋಗಲಿ.

ಆ ಜಾಗವೇ ಎಲ್ಲ. ಲ್ಯಾಮಿನೇಟ್ ನೆಲ ತೇಲುವ ನೆಲ. ಎಲ್ಲೂ ಅಂಟಿಸಲ್ಲ, ಮೊಳೆ ಹೊಡೆಯಲ್ಲ. ಇಡೀ ಕೋಣೆಯದ್ದು ಒಂದೇ ದೊಡ್ಡ ಹಲಗೆ ಅಂತ ಲೆಕ್ಕ ಹಾಕಿ. ಒಂದು ಮೀಟರಿಗೆ ಒಂದೂವರೆ ಮಿ.ಮೀ ಲೆಕ್ಕದಲ್ಲಿ ಪ್ರತಿ ಬದಿಗೆ ಜಾಗ ಬಿಡಬೇಕು ಅಂತ ನಮ್ಮ ಕೆಲಸದ ಲೆಕ್ಕ. ನಿಮ್ಮ ಕೋಣೆಗೆ ಆರು, ಆರೂವರೆ ಬರುತ್ತದೆ. ಮಡಿಕೇರಿ ಅಂತ 10 ಬಿಡಿ, 12 ಆದರೂ ಚಿಂತೆ ಇಲ್ಲ, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಮುಚ್ಚುತ್ತದೆ. ಗೋಡೆ, ದಾರಂದ, ಪೈಪ್, ಕಂಬ, ಎಲ್ಲದರ ಸುತ್ತಲೂ ಬೇಕು. ಒಂದೇ ಕಡೆ ತಾಗಿದರೂ ಸಾಕು, ನಡುಕೋಣೆಯಲ್ಲಿ ಎದ್ದು ನಿಲ್ಲುತ್ತದೆ.

ಮಾಲು ತರುವಾಗ ಬಾಕ್ಸಿನ ಮೇಲೆ ಎಸಿ ನಂಬರ್ ನೋಡಿ. ಗಾಳಿ ತಣ್ಣಗೆ ಮಾಡುವ ಎಸಿ ಅಲ್ಲ, ಸವೆತ ತಡೆಯುವ ದರ್ಜೆ. ಮನೆಗೆ ಎಸಿ3 ಸಾಕು. ಅಂಗಡಿ, ಹೋಂಸ್ಟೇ ಅಂದರೆ ಎಸಿ4. ಇ1 ಅಂತಲೂ ಬರೆದಿರಬೇಕು, ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಕಡಿಮೆ ಅಂತ ಅರ್ಥ. ಹಿರಿಯರು ಮಲಗುವ ಕೋಣೆಗೆ ಅದು ನೋಡಲೇಬೇಕು.

ಕಿತ್ತಳೆತೋಟ · ಆಗಸ್ಟ್ 30

ಗೆದ್ದಲಿನ ಬಗ್ಗೆ ಯಾರೂ ಹೇಳಲಿಲ್ಲ. ಮರದ ನಾರು ಅಂದಮೇಲೆ ಗೆದ್ದಲಿಗೆ ಹಬ್ಬದೂಟ. ನೆಲಮಹಡಿ ಬೇರೆ. ಹಾಕುವ ಮೊದಲು ಗೋಡೆ ಬುಡಕ್ಕೆ ಔಷಧಿ ಹೊಡೆಸಿ.

ಮಂಜಿನೂರು · ಫೆಬ್ರವರಿ 16

ಹಾಕಿ ಮುಗಿಸಿದೆ. ಬೆಂಗಳೂರಿನವರು ಒಂದು ದಿನ ಅಂದಿದ್ದರು, ನನಗೆ ಮೂರು ದಿನ ಬೇಕಾಯ್ತು. ತಮ್ಮ ಸಹಾಯಕ್ಕೆ ಬಂದಿದ್ದ, ಆದರೆ ಅವನ ತೋಟದಲ್ಲಿ ರೊಬಸ್ಟಾ ಕುಯ್ಲು ನಡೀತಿದೆ. ಅರ್ಧ ಹೊತ್ತು ಫೋನಲ್ಲೇ ಇದ್ದ. ಮುಂದೆ ಯಾರಿಗಾದರೂ ಬೇಕಾದೀತು ಅಂತ ವಿವರವಾಗಿ ಬರೆಯುತ್ತೇನೆ.

ನಮ್ಮ ಹಲಗೆ 1215 ಮಿ.ಮೀ ಉದ್ದ, 195 ಅಗಲ. ಬಾಕ್ಸಿಗೆ ಎಂಟು, ಅಂದರೆ ಸುಮಾರು 20.4 ಚದರಡಿ. ಕೋಣೆ 182 ಚದರಡಿ. ವೇಸ್ಟ್ ಅಂತ ನೂರಕ್ಕೆ ಹತ್ತು ಸೇರಿಸಿದರೆ 200. ಹತ್ತು ಬಾಕ್ಸ್ ತಂದೆ. ತಂದವನು ಸೀದಾ ಅಪ್ಪನ ಕೋಣೆಯಲ್ಲೇ ಬಾಕ್ಸ್ ಒಡೆಯದೆ ಮಲಗಿಸಿ ಎರಡು ದಿನ ಇಟ್ಟೆ. ಮೈಸೂರಿನ ಗೋಡೌನಿನ ಒಣ ಗಾಳಿಯಿಂದ ಬಂದದ್ದು ನಮ್ಮ ಹವಾಕ್ಕೆ ಹೊಂದಿಕೊಳ್ಳಲಿ ಅಂತ. ಅಪ್ಪ ಅದರ ಮೇಲೆ ಪೇಪರ್, ಕಾಫಿ ಲೋಟ ಎಲ್ಲ ಇಟ್ಟುಕೊಂಡು ಟೀಪಾಯಿ ಮಾಡಿಕೊಂಡರು.

ನೆಲದಲ್ಲಿ ಎರಡು ಕಡೆ ಗುಂಡಿ ಇತ್ತು, ತುಂಬಿದೆ. ಆಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಶೀಟ್, ಒಂದರ ಮೇಲೊಂದು ಒಂದು ಗೇಣು ಬರುವ ಹಾಗೆ ಹಾಸಿ ಟೇಪ್. ಗೋಡೆಯ ಮೇಲೆ ಎರಡಿಂಚು ಹತ್ತಿಸಿದೆ. ಅದರ ಮೇಲೆ 3 ಮಿ.ಮೀ ಫೋಮ್. ಫೋಮನ್ನು ಒಂದರ ಮೇಲೊಂದು ಹಾಕಬಾರದು, ಅಂಚಿಗೆ ಅಂಚು ತಾಗಿಸಬೇಕು. ಇಲ್ಲದಿದ್ದರೆ ಅಲ್ಲಿ ದಿಬ್ಬ.

ಸಾಲಿನ ಲೆಕ್ಕವನ್ನು ಮೊದಲೇ ಮಾಡಿದ್ದು ಪುಣ್ಯ. ಕೋಣೆಯ ಅಗಲ 3962 ಮಿ.ಮೀ. ಎರಡು ಕಡೆ 10 ಬಿಟ್ಟರೆ 3942. ಇಪ್ಪತ್ತು ಸಾಲು ಅಂದರೆ 3900. ಕೊನೆಗೆ ಉಳಿಯೋದು 42 ಮಿ.ಮೀನ ಸೀಳು! ಐದು ಸೆಂ.ಮೀಗಿಂತ ಕಿರಿದಾದ ಸಾಲು ನಿಲ್ಲಲ್ಲ ಅಂತ ಉಳಿಸುತ್ತಿಗೆ ಅಣ್ಣ ಫೋನಿನಲ್ಲಿ ಹೇಳಿದ್ದರು. ಅದಕ್ಕೆ 195, 42 ಸೇರಿಸಿ ಎರಡು ಪಾಲು ಮಾಡಿದೆ. ಮೊದಲ ಸಾಲೂ ಕೊನೆಯ ಸಾಲೂ 118 ಚಿಲ್ಲರೆ. ಮೊದಲ ಸಾಲನ್ನು ಸೀಳುವಾಗ ಗೋಡೆ ಕಡೆ ಚಾಚಿಕೊಂಡಿರುವ ಟಂಗೂ (ಪಕ್ಕದ ಹಲಗೆಗೆ ಕಚ್ಚುವ ನಾಲಿಗೆ) ಹೋಯಿತು, ಒಂದು ಕೆಲಸ ಕಮ್ಮಿ.

ಆದರೆ ಹಳೇ ಗೋಡೆ ನೇರ ಇರಬೇಕಲ್ಲ. ನಡುವೆ ಹೊಟ್ಟೆ ಬಂದಿದೆ. ನೇರ ಹಲಗೆ ಇಟ್ಟರೆ ಒಂದು ಕಡೆ 10, ಇನ್ನೊಂದು ಕಡೆ 22. ಪೆನ್ಸಿಲ್ಲನ್ನು ಸಣ್ಣ ಮರದ ತುಂಡಿಗೆ ಕಟ್ಟಿ, ತುಂಡನ್ನು ಗೋಡೆಗೆ ಒತ್ತಿ ಎಳೆದುಕೊಂಡು ಹೋದೆ. ಗೋಡೆಯ ಡೊಂಕು ಹಾಗೇ ಹಲಗೆಯ ಮೇಲೆ ಮೂಡಿತು, ಅದೇ ಗೆರೆಗೆ ಕತ್ತರಿಸಿದೆ. ಜಿಗ್ ಸಾ ಆದರೆ ಹಲಗೆಯ ಮುಖ ಕೆಳಗೆ ಮಾಡಿ ಕತ್ತರಿಸಬೇಕು, ಅದರ ಹಲ್ಲು ಮೇಲಕ್ಕೆ ಬರುವಾಗ ಕಡಿಯೋದು. ಮೊದಲ ಎರಡು ಹಲಗೆಗೆ ಗೊತ್ತಿಲ್ಲದೆ ಮುಖ ಮೇಲೆ ಮಾಡಿ ಅಂಚೆಲ್ಲ ಚಕ್ಕೆ ಎದ್ದಿತು. ಅವು ಈಗ ಮಂಚದ ಅಡಿ ಇವೆ.

ಸಾಲಿನ ಕೊನೆಯಲ್ಲಿ ಉಳಿದ ತುಂಡಿನಿಂದ ಮುಂದಿನ ಸಾಲು ಶುರು. ಅಕ್ಕಪಕ್ಕದ ಸಾಲಿನ ಜಾಯಿಂಟ್ ಒಂದಡಿಯಾದರೂ ಆಚೀಚೆ ಇರಬೇಕು. ನಮಗೆ ಎರಡಡಿ ಬಂತು. ಸುತ್ತಿಗೆಯಿಂದ ಹಲಗೆಗೆ ನೇರ ಹೊಡೆಯಬಾರದು. ನಡುವೆ ಅಡ್ಡ ಮರ ಇಟ್ಟು ಮೆಲ್ಲಗೆ. ದಾರಂದದ ಹತ್ತಿರ ಹಲಗೆಯನ್ನು ಕೆತ್ತಿ ಕೂರಿಸುವ ಬದಲು ದಾರಂದದ ಬುಡವನ್ನೇ ಅಷ್ಟು ದಪ್ಪ ಕೊಯ್ದು ಹಲಗೆಯನ್ನು ಅಡಿಗೆ ತೂರಿಸಿದೆ. ಎಲ್ಲ ಮುಗಿದ ಮೇಲೆ ಬಾಗಿಲು ಹಾಕೋಕೆ ಹೋದರೆ ಹಾಕಲು ಬರಲ್ಲ! ನೆಲ 11 ಮಿ.ಮೀ ಎತ್ತರವಾಗಿದೆ ಅನ್ನೋದೇ ಮರೆತುಹೋಗಿತ್ತು. ಬಾಗಿಲು ಬಿಚ್ಚಿ ಅಡಿ ಕೀಸಿದ್ದು ಮೂರನೇ ದಿನ.

ಹಳೇಮನೆ · ಫೆಬ್ರವರಿ 16

ಫೋಟೋ ನೋಡಿದೆ. ಕೆಲಸ ಚೊಕ್ಕವಾಗಿದೆ, ಇಲ್ಲ ಅನ್ನಲ್ಲ. ಕೆಂಪು ನೆಲ ಅಡಿಯಲ್ಲಿ ಒಡೆಯದೆ ಹಾಗೇ ಇದೆಯಲ್ಲ, ಅಷ್ಟು ಸಾಕು ನನಗೆ. ಮೊಮ್ಮಕ್ಕಳಾದರೂ ಕಿತ್ತು ನೋಡಿಯಾರು. ಅಪ್ಪ ಏನಂದರು?

ಮಂಜಿನೂರು · ಫೆಬ್ರವರಿ 17

ಮೊದಲ ರಾತ್ರಿ ಬರಿಗಾಲಲ್ಲಿ ಓಡಾಡಿ ನೋಡಿದರು. ನಡೆದರೆ ಡಬ್ ಡಬ್ ಅಂತ ಸದ್ದು, ಅಟ್ಟದ ಮೇಲೆ ನಡೆದ ಹಾಗಿದೆ ಅಂದರು. ಕಚ್ಚುತ್ತದಾ ಅಂತ ಕೇಳಿದೆ. ಇಲ್ಲ ಅಂದರು.

ಏಲಕ್ಕಿ · ಫೆಬ್ರವರಿ 17

ಒರೆಸೋದು ಹೇಗೆ?

ಕಿತ್ತಳೆತೋಟ · ಫೆಬ್ರವರಿ 17

ಬಟ್ಟೆಯನ್ನು ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಒರೆಸಬೇಕು, ಹಿಂದೆಯೇ ಒಣ ಬಟ್ಟೆ. ಫಿನಾಯಿಲ್ ನೀರು ಸುರಿಯೋದು, ಸ್ಟೀಮ್ ಮಾಪ್, ಎರಡೂ ಬೇಡ. ಬಾತ್‌ರೂಮ್ ಬಾಗಿಲಲ್ಲಿ ಕಾಲೊರಸು ಇಡಿ, ದಿನಾ ಎತ್ತಿ ಒಣಗಿಸಿ. ಒದ್ದೆ ಕಾಲೊರಸೇ ಅಲ್ಲಿ ಬಿದ್ದಿದ್ದರೆ ಅದರಡಿಯ ಜಾಯಿಂಟ್ ಮೊದಲು ಹೋಗೋದು.

ಮಂಜಿನೂರು · ಆಗಸ್ಟ್ 5

ಅಣ್ಣಾ, ಸಹಾಯ ಬೇಕು. ಜೂನ್, ಜುಲೈ ಏನೂ ಆಗಿರಲಿಲ್ಲ. ನಾಲ್ಕು ದಿನದಿಂದ ಕೋಣೆಯ ನಡುವೆ ಎರಡು ಸಾಲು ಸೇರುವಲ್ಲಿ ಗುಡಾರದ ಹಾಗೆ ಎದ್ದಿದೆ. ಕಾಲಿಟ್ಟರೆ ಒತ್ತುತ್ತದೆ, ತೆಗೆದರೆ ಏಳುತ್ತದೆ. ಚರಂಡಿ ನೋಡಿದೆ, ಸರಾಗ ಹರಿಯುತ್ತಿದೆ. ಅಡಿಯಿಂದ ನೀರು ಬಂತಾ?

ಉಳಿಸುತ್ತಿಗೆ · ಆಗಸ್ಟ್ 5

ಅಂಚು ಊದಿಕೊಂಡಿದೆಯಾ, ಅಥವಾ ಹಲಗೆ ಸಪಾಟಾಗೇ ಇದ್ದು ಎರಡು ಸೇರುವಲ್ಲಿ ಮಾತ್ರ ಎದ್ದಿದೆಯಾ? ಬೆರಳಾಡಿಸಿ ನೋಡಿ. ಊದಿದ್ದರೆ ತೇವ. ಸಪಾಟಾಗಿದ್ದರೆ ಎಲ್ಲೋ ಗೋಡೆ ಕಚ್ಚಿಕೊಂಡಿದೆ. ಬಾಗಿಲ ಹೊಸಿಲಿನ ಪಟ್ಟಿಗೆ ಹಲಗೆ ಸೇರಿಸಿ ಸ್ಕ್ರೂ ಹೊಡೆದಿದ್ದೀರಾ? ಬೀರು ಎಲ್ಲಾದರೂ ನೆಲಕ್ಕೆ ಫಿಕ್ಸ್ ಮಾಡಿದ್ದೀರಾ?

ಮಂಜಿನೂರು · ಆಗಸ್ಟ್ 5

ಸಪಾಟಾಗಿದೆ. ಸ್ಕ್ರೂ ಹೊಡೆದಿಲ್ಲ. ಬೀರು ಸುಮ್ನೆ ಇಟ್ಟದ್ದು.

ಉಳಿಸುತ್ತಿಗೆ · ಆಗಸ್ಟ್ 5

ಹಾಗಾದರೆ ಸ್ಕರ್ಟಿಂಗ್ ಬಿಚ್ಚಿ ಸುತ್ತ ನೋಡುತ್ತಾ ಬನ್ನಿ.

ಮಂಜಿನೂರು · ಆಗಸ್ಟ್ 7

ಸಿಕ್ಕಿತು. ಹೇಳೋಕೆ ನಗು ಬರುತ್ತದೆ.

ಕಿಟಕಿ ಕಡೆಯ ಗೋಡೆಯಲ್ಲಿ ಸ್ಕರ್ಟಿಂಗ್ ಬಿಚ್ಚಿದರೆ ಹಲಗೆಗೂ ಗೋಡೆಗೂ ನಡುವಿನ ಜಾಗದಲ್ಲಿ ಆರಡಿ ಉದ್ದ ವೈಟ್ ಸಿಮೆಂಟ್, ಕಲ್ಲಿನಷ್ಟು ಗಟ್ಟಿ. ಯಾರು ಅಂತ ಕೇಳಿದರೆ ಅಮ್ಮ ಅಪ್ಪನ ಮುಖ ನೋಡಿದರು. ಏಪ್ರಿಲ್‌ನಲ್ಲಿ ಆ ಸಂದಿಯಿಂದ ಇರುವೆ ಸಾಲು ಬರುತ್ತಿತ್ತಂತೆ. ನಾನು ಊರಲ್ಲಿ ಇರಲಿಲ್ಲ. ಪಕ್ಕದ ಮನೆಯ ಹುಡುಗನಿಂದ ಸ್ಕರ್ಟಿಂಗ್ ಬಿಚ್ಚಿಸಿ, ತಾವೇ ಸ್ಟೂಲ್ ಮೇಲೆ ಕೂತು, ಚಮಚದಲ್ಲಿ ತುಂಬಿದ್ದಾರೆ. ಮಂಡಿ ಆಪರೇಷನ್ ಆದವರು! ಆಮೇಲೆ ಸ್ಕರ್ಟಿಂಗ್ ಮೊದಲಿನ ಹಾಗೇ ಕೂರಿಸಿದ್ದಾರೆ. ಅಷ್ಟು ಚೊಕ್ಕ ಕೆಲಸ, ನನಗೆ ಗೊತ್ತೇ ಆಗಿರಲಿಲ್ಲ.

ಉಳಿಯಲ್ಲಿ ಮೆಲ್ಲಗೆ ಬಿಡಿಸಿದೆ. ಅರ್ಧ ದಿನ ಹಿಡಿಯಿತು. ಕೊನೆಯ ತುಂಡು ಬಿಟ್ಟಾಗ ನೆಲ ಕಟಕ್ ಅಂತ ಸದ್ದು ಮಾಡಿ ಒಂದಿಷ್ಟು ಸರಿಯಿತು.

ಊರುಬಿಟ್ಟವ · ಆಗಸ್ಟ್ 7

ಅಪ್ಪ ಏನಂತಾರೆ?

ಮಂಜಿನೂರು · ಆಗಸ್ಟ್ 9

ಅವರ ವಾದ ಅವರದ್ದು. ಸಂದು ಬಿಟ್ಟು ಕೆಲಸ ಮಾಡೋದು ಯಾವ ಸೀಮೆಯ ಬಡಗಿತನ ಅಂತ. ಮಳೆಯಲ್ಲಿ ಹಿಗ್ಗುತ್ತದೆ ಅಂತ ಹೇಳಿದ್ದಕ್ಕೆ, ಮನೆಯ ಬಾಗಿಲೂ ಹಿಗ್ಗುತ್ತದೆ, ಅದಕ್ಕೇನು ದಾರಂದದಲ್ಲಿ ಕಿಂಡಿ ಬಿಟ್ಟಿದ್ದೇವಾ ಅಂದರು. ಉತ್ತರ ಹೊಳೆಯಲಿಲ್ಲ.

ಎರಡು ದಿನಕ್ಕೆ ಉಬ್ಬು ಪೂರ್ತಿ ಇಳಿದಿದೆ. ಲಾಕ್ ಮುರಿದಿಲ್ಲ. ಇರುವೆ ಮಾತ್ರ ಮತ್ತೆ ಅದೇ ಸಂದಿಯಿಂದ ಶುರುವಾಗಿವೆ. ಅಪ್ಪ ಅದನ್ನು ಬೆರಳಿಟ್ಟು ತೋರಿಸಿ ಕೋಣೆಗೆ ಹೋದರು. ಗ್ಯಾಪ್ ಮುಚ್ಚದೆ ಇರುವೆ ತಡೆಯೋದು ಹೇಗೆ ಅಂತ ಗೊತ್ತಿರುವವರು ಹೇಳಿ, ವೈಟ್ ಸಿಮೆಂಟಿನ ಡಬ್ಬ ಸದ್ಯಕ್ಕೆ ಅಟ್ಟದ ಮೇಲೆ ಇಟ್ಟಿದ್ದೇನೆ.